ಐವತ್ತೆಂಟನೆಯ ಸಾಲು

ನಮ್ಮ ಊರಿನಲ್ಲಿ ಕೂಸು ಹುಟ್ಟಿದರೆ ಮೊದಲು ಅದನ್ನು ತೊಟ್ಟಿಲಿಗೆ ಕಟ್ಟುತ್ತಾರೆ, ಸಿಹಿ ಹಂಚುವುದು ಆಮೇಲೆ. ಊರಿನ ಹುಟ್ಟು-ಸಾವಿನ ದಫ್ತರದಲ್ಲಿ ಹೆಸರು ಏರುವತನಕ ಕೂಸು ನೆಲಕ್ಕೆ ನಿಲ್ಲುವುದಿಲ್ಲ; ಬಿಟ್ಟರೆ ಮೇಲೆ ಜಂತಿಗೆ ಹೋಗಿ ಅಂಟಿಕೊಂಡು ಅಲ್ಲೇ ಅಳುತ್ತದೆ. ಅಪ್ಪನಾದವನು ಚೀಟಿ ಹಿಡಿದು ಕಚೇರಿಗೆ ಓಡಿ ಬರುತ್ತಾನೆ, ನಾನು ಬರೆಯುತ್ತೇನೆ, ಶಾಯಿ ಆರುತ್ತದೆ, ಅತ್ತ ಮನೆಯಲ್ಲಿ ಕೂಸು ಮೆಲ್ಲಗೆ ಅರಿವೆಯ ಮೇಲೆ ಇಳಿಯುತ್ತದೆ. ಸತ್ತವರ ವಿಷಯವೂ ಹೀಗೆಯೇ. ಮೊದಲು ಹೆಸರು ಹೊಡೆದುಹಾಕಿಸಿ ಆಮೇಲೆ ಹೆಣ ಎತ್ತುತ್ತಾರೆ. ಹಾಗಾಗಿ ನಮ್ಮಲ್ಲಿ ಹೆಣ ಹೊರಲು ಇಬ್ಬರು ಸಾಕು, ಅವರೂ ಹೊರುವುದಕ್ಕಿಂತ ಹಿಡಿದುಕೊಳ್ಳುವುದೇ ಹೆಚ್ಚು. ಬೇರೆ ಊರುಗಳಲ್ಲಿ ನಾಲ್ಕು ಜನ ಬೇಕಂತೆ. ಅವರ ಕಷ್ಟ ಅವರಿಗೆ.

ನನ್ನ ಹೆಸರು ಮಹಾನಂದಾ. ಆ ದಫ್ತರವನ್ನು ಇಪ್ಪತ್ತೆರಡು ವರ್ಷ ಬರೆದವಳು ನಾನೇ. ಅಪ್ಪನ ತೂಕ ಮಕ್ಕಳಿಗೆ ಹಂಚಿ ಹೋಗುತ್ತದೆ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಒಂಬತ್ತು ಮಕ್ಕಳಿರುವ ಮನೆಯವರು ಬೆಕ್ಕಿನ ಹಾಗೆ ಓಡಾಡುತ್ತಾರೆ, ಗಾಳಿ ತಿಂಗಳಲ್ಲಿ ಒಬ್ಬರ ಸೆರಗನ್ನು ಒಬ್ಬರು ಹಿಡಿದುಕೊಂಡು ಸಂತೆಗೆ ಹೋಗುತ್ತಾರೆ. ನಾನು ಒಬ್ಬಳೇ ಮಗಳು. ನಾನು ನಡೆದರೆ ಧಪ್ ಧಪ್ ಎಂದು ನೆಲ ಮಾತಾಡುತ್ತಿತ್ತು. ಓಣಿಯ ತಿರುವಿನಲ್ಲಿ ಕಾಲಿಟ್ಟರೆ ಸಾಕು, ಮನೆಯಲ್ಲಿ ಅಪ್ಪ ಚಹಾಕ್ಕೆ ನೀರು ಇಡುತ್ತಿದ್ದ. ಮದುವೆಯ ಗೋಜಿಗೆ ಹೋಗದೆ ನಲವತ್ತನಾಲ್ಕು ದಾಟಿದ ನನಗೆ ಆ ಸಪ್ಪಳದ ಬಗ್ಗೆ ಸಣ್ಣ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಅಪ್ಪನ ಹೆಸರು ಗುರುಲಿಂಗಪ್ಪ. ಪುಂಡಿ ನಾರಿನ ಹಗ್ಗ ಹೊಸೆಯುವ ಕೆಲಸ. ಊರಿನ ಎಲ್ಲ ಕೂಸುಗಳನ್ನೂ ತೊಟ್ಟಿಲಿಗೆ ಕಟ್ಟಿದ್ದು ಅವನ ಹಗ್ಗವೇ. ಅವ್ವ ತೀರಿಕೊಂಡು ಹದಿನೆಂಟು ವರ್ಷವಾಗಿದೆ. ಆಗಿನಿಂದ ಮನೆಯಲ್ಲಿ ನಾವಿಬ್ಬರೇ, ಜೊತೆಗೆ ಅಪ್ಪನ ಬೈಗುಳ. ಅನ್ನ ಮುದ್ದೆಯಾದರೆ ಬೈಗುಳ, ಉದುರಾದರೆ ಬೈಗುಳ, ಎರಡೂ ಆಗದೆ ಚೆನ್ನಾಗಿ ಬಂದರೆ 'ಇಷ್ಟು ದಿನ ಯಾಕ ಹಿಂಗ ಮಾಡಲಿಲ್ಲ' ಎಂದು ಬೈಗುಳ. ಅಪ್ಪ ಒಂದು ಹೊತ್ತು ಬೈಯದಿದ್ದರೆ ಹಣೆ ಮುಟ್ಟಿ ನೋಡಬೇಕು, ಜ್ವರ ಬಂದಿರುತ್ತದೆ. ಬೈಸಿಕೊಳ್ಳುವ ಭಾಗ್ಯ ಮಾತ್ರ ನನಗೊಬ್ಬಳಿಗೇ ಇತ್ತು. ಹೊರಗಿನವರ ಜೊತೆ ಅಪ್ಪ ಬೆಣ್ಣೆಯಂಥ ಮನುಷ್ಯ.

ಹೀಗಿರುವಾಗ ಮೇಲಿನ ಕಚೇರಿಯಿಂದ ಮಷೀನು ಬಂತು. ಅದರ ಜೊತೆ ಧನಪಾಲ ಉಪಾಧ್ಯೆ ಎಂಬ ಸಾಹೇಬರು ಬಂದರು. ಐವತ್ತರ ಆಸುಪಾಸು, ಅಂಗಿಯ ಮೇಲಿನ ಗುಂಡಿಯವರೆಗೂ ಹಾಕಿದ ಶಿಸ್ತು, ಮಾತು ಮೆತ್ತಗೆ. ಊರಿನ ಹನ್ನೆರಡು ಸಾವಿರ ಹೆಸರುಗಳನ್ನು ನಾಲ್ಕು ತಿಂಗಳು ಕೂತು ಒಂದು ಉದ್ದನೆಯ ಪಟ್ಟಿಗೆ ಇಳಿಸಿದೆವು. ಒಬ್ಬರಿಗೆ ಒಂದು ಸಾಲು, ಅದರಲ್ಲಿ ಅವರ ಸಂಖ್ಯೆ, ಅವರ ಅಪ್ಪನ ಸಂಖ್ಯೆ. ಆ ಪಟ್ಟಿಯನ್ನು ಒಂದೇ ಸಲಕ್ಕೆ ಮಷೀನಿನೊಳಗೆ ಸುರಿಯುವುದು ಎಂದು ತೀರ್ಮಾನವಾಯಿತು.

"ಮಹಾನಂದಾ ಅವರೇ, ನೀವು ಇಪ್ಪತ್ತೆರಡು ವರ್ಷ ಬರೆದದ್ದನ್ನ ಇದು ಎಲೆ ಅಡಿಕೆ ಹಾಕ್ಕೊಳ್ಳೋದ್ರೊಳಗೆ ನುಂಗಿಬಿಡ್ತದೆ" ಎಂದರು ಉಪಾಧ್ಯೆ ಸಾಹೇಬರು. "ಸಾಲು ಸರಿ ಇದ್ರೆ ಒಳಗೆ ತಗೊಳ್ತದೆ. ಏನಾದ್ರೂ ಕೊರತೆ ಇದ್ರೆ ಆ ಸಾಲನ್ನ ಬೇರೆ ಕಡೆ ಉಗುಳಿ, ಪಕ್ಕದಲ್ಲಿ ಕಾರಣಾನೂ ಬರೀತದೆ. ಆಮೇಲೆ ನಾವು ತಿದ್ದಿ ಮತ್ತೆ ಹಾಕಬೇಕು."

"ಬಾಳ ಉಗುಳಿದ್ರ?"

"ಐವತ್ತರತನಕ ಪರವಾಗಿಲ್ಲ ಅಂತ ಹೇಳಿಟ್ಟೀನಿ. ಅದಕ್ಕಿಂತ ಹೆಚ್ಚಾದ್ರೆ ಪಟ್ಟೀನೇ ಕೆಟ್ಟದ್ದು ಅಂತ ತಿಳ್ಕೊಂಡು ಎಲ್ಲಾನೂ ವಾಪಸ್ ಹೊರಗೆ ಹಾಕ್ತದೆ. ಹಂಗಾಗೋದಿಲ್ಲ ಬಿಡಿ."

ಆಯಿತು. ಸಾಹೇಬರು ಹಳೆಯ ದಫ್ತರ ಮುಚ್ಚಿ ಅರಗಿನ ಮೊಹರು ಒತ್ತಿದರು, ಗುಂಡಿ ಅದುಮಿದರು. ಮಷೀನು ಗುರ್ ಎಂದು ನುಂಗುತ್ತಾ ಹೋಯಿತು. ಐವತ್ತೊಂದನೆಯ ತಪ್ಪು ಸಿಕ್ಕ ಕೂಡಲೇ ತಿಂದದ್ದನ್ನೆಲ್ಲ ಕಕ್ಕಿಬಿಟ್ಟಿತು. ಊರವರ ಹೆಸರು ಈಗ ಹಳೆಯದರಲ್ಲೂ ಇಲ್ಲ, ಹೊಸದರಲ್ಲೂ ಇಲ್ಲ. ಹಾಲು ಉಕ್ಕುವಷ್ಟು ಹೊತ್ತು ಇಡೀ ಊರು ನೆಲದಿಂದ ಒಂದು ಗೇಣು ಮೇಲೆ ನಿಂತಿತ್ತು. ಕ್ಷೌರದ ಅಂಗಡಿಯಲ್ಲಿ ಕ್ಷೌರಿಕನೂ ಗಿರಾಕಿಯೂ ಒಟ್ಟಿಗೇ ಏರಿದ್ದರಿಂದ ಕುತ್ತಿಗೆ ಉಳಿಯಿತಂತೆ. ನೀರಿನ ನಲ್ಲಿಯ ಹತ್ತಿರ ಜಗಳವಾಡುತ್ತಿದ್ದ ಇಬ್ಬರು ಹೆಂಗಸರು ಹೆದರಿ ಒಬ್ಬರನ್ನೊಬ್ಬರು ತಬ್ಬಿಕೊಂಡರು, ಈಗ ಬೀಗರಾಗಿದ್ದಾರೆ. ನಾನು ಮೇಜಿನ ಕಾಲು ಹಿಡಿದುಕೊಂಡು, "ಸಾಹೇಬ್ರ, ಏನರ ಮಾಡ್ರಿ!" ಎಂದು ಚೀರಿದೆ. ಸಾಹೇಬರು ಬೆವರುತ್ತಾ ಐವತ್ತನ್ನು ನೂರು ಮಾಡಿ ಮತ್ತೆ ಗುಂಡಿ ಅದುಮಿದರು. ಊರು ಧೊಪ್ಪನೆ ಕೆಳಗಿಳಿಯಿತು.

ಎಲ್ಲರೂ ಇಳಿಯಲಿಲ್ಲ. ಐವತ್ತೆಂಟು ಸಾಲುಗಳು ಹೊರಗೆ ಉಳಿದವು. ಮೊಹರು ಬಿದ್ದ ಮೇಲೆ ಶಾಯಿಗೆ ಇನ್ನು ತೂಕವಿರಲಿಲ್ಲ, ಹಳೆಯ ದಫ್ತರ ತೆರೆದು ಬರೆದರೂ ಪ್ರಯೋಜನವಿಲ್ಲ. ಸಾಹೇಬರು ಆ ಐವತ್ತೆಂಟು ಸಾಲುಗಳ ಹಾಳೆಯನ್ನು ನನ್ನ ಕೈಗೆ ಕೊಟ್ಟು, "ಇವರನ್ನ ಇಳಿಸೋದು ನಿಮ್ಮ ಜವಾಬ್ದಾರಿ. ಮಣ್ಣೆತ್ತಿನ ಅಮಾವಾಸ್ಯೆ ಕಳೆದ ಮೂರನೇ ದಿನ ಬರ್ತೀನಿ. ಅಷ್ಟರೊಳಗೆ ಹಾಳೆ ಖಾಲಿ ಇರಬೇಕು" ಎಂದು ಹೇಳಿ ಹೋದರು. ಆ ಅಮಾವಾಸ್ಯೆಯ ಮರುದಿನದಿಂದ ನಮ್ಮಲ್ಲಿ ಗಾಳಿ ತಿಂಗಳು. ತೂಕವಿದ್ದವರೇ ಗೋಡೆ ಹಿಡಿದು ನಡೆಯುವ ಗಾಳಿ ಅದು. ತೂಕವಿಲ್ಲದವರನ್ನು ಎಲ್ಲಿಗೆ ಒಯ್ಯುತ್ತದೋ ಹೇಳಲು ಯಾರೂ ತಿರುಗಿ ಬಂದಿಲ್ಲ. ಅಮಾವಾಸ್ಯೆಗೆ ಇಪ್ಪತ್ತಾರು ದಿನ ಉಳಿದಿತ್ತು.

ಮೊದಲ ದಿನ ಅವರು ಗೇಣೆತ್ತರ ಇದ್ದರು, ವಾರ ಕಳೆಯುವುದರೊಳಗೆ ಆಳೆತ್ತರ. ಆದರೆ ನಮ್ಮ ಜನ ಯಾವುದಕ್ಕೂ ಬೇಗ ಹೊಂದಿಕೊಳ್ಳುತ್ತಾರೆ. ಒರಳು, ಗುಂಡುಕಲ್ಲು, ತುಂಬಿದ ಕೊಡ, ಯಾರ ಮನೆಯಲ್ಲಿ ಏನು ಭಾರವಿತ್ತೋ ಅದೆಲ್ಲ ಓಣಿಯಲ್ಲಿ ಕೈ ಬದಲಾಯಿತು. ಹೆಂಡತಿಯರು ಗಂಡಂದಿರನ್ನು ಹಗ್ಗದಲ್ಲಿ ಹಿಡಿದು ಸಂತೆಗೆ ತಂದರು. 'ಮೊದಲಿನಿಂದಲೂ ಹಿಂಗ ಇಟ್ಕೊಂಡಿದ್ರ ಬೇಸಿತ್ತು' ಎಂದು ನಕ್ಕರು. ಅಪ್ಪನಿಗೆ ಕೈತುಂಬಾ ಕೆಲಸ. ಹಗಲೆಲ್ಲ ಹೊಸೆದರೂ ಹಗ್ಗ ಸಾಲುತ್ತಿರಲಿಲ್ಲ.

ನಾನು ಹಾಳೆ ಹಿಡಿದು ಮನೆಮನೆಗೆ ಹೋದೆ. ಕುತ್ತಿಗೆ ಎತ್ತಿ ಮಾತಾಡಿ ಮಾತಾಡಿ ಉಳುಕಿತು. ಶಾಲೆಯ ಹಿರಿಯ ಮಾಸ್ತರರ ಹೆಸರಿನಲ್ಲಿ ಅವರ ಐದು ತಲೆಮಾರಿನ ಅಜ್ಜಂದಿರೆಲ್ಲ ಕೂತಿದ್ದರು. ಮಷೀನಿಗೆ ಮೂವತ್ತು ಅಕ್ಷರಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಯಾವ ಅಜ್ಜನನ್ನು ಬಿಡುವುದೆಂದು ಮಾಸ್ತರರು ಬೇವಿನ ಟೊಂಗೆ ಹಿಡಿದುಕೊಂಡು ಮೂರು ದಿನ ಚಿಂತಿಸಿ, "ಮುತ್ತಜ್ಜನ್ನ ತಗೀರಿ. ಅಂವಾ ಬಾಳ ಸುಳ್ಳ ಹೇಳ್ತಿದ್ನಂತ" ಎಂದರು. ತೆಗೆದೆ, ಇಳಿದರು. ಒಬ್ಬ ಅಜ್ಜಿಯ ಹುಟ್ಟಿದ ದಿನಾಂಕದ ಜಾಗದಲ್ಲಿ 'ಮಿಡತೆ ಬಂದ ವರ್ಷ, ಜೋಳ ಹಾಲುಗಾಳು ಇದ್ದಾಗ' ಎಂದಿತ್ತು. ಹಳೆಯ ದಫ್ತರದವರು ಬರೆದದ್ದು, ಚೆನ್ನಾಗಿಯೇ ಬರೆದಿದ್ದಾರೆ, ಆದರೆ ಮಷೀನಿಗೆ ಮಿಡತೆ ಗೊತ್ತಿಲ್ಲ. ಅವಳ ಓರಗೆಯ ನಾಲ್ಕು ಮುದುಕಿಯರನ್ನು ಕೂಡಿಸಿ ಲೆಕ್ಕ ಹಾಕಿ ಒಂದು ತಾರೀಖು ಹಿಡಿದೆವು. ಅವಳಿ ಅಕ್ಕತಂಗಿಯರಿಗೆ ಒಂದೇ ಸಂಖ್ಯೆ ಬಿದ್ದಿತ್ತು. ಮೊದಲು ಬಂದವಳನ್ನು ಒಳಗೆ ತೆಗೆದುಕೊಂಡು ಮಷೀನು ಎರಡನೆಯವಳನ್ನು ಬಿಟ್ಟಿತ್ತು. ಆ ತಪ್ಪು ನನ್ನದೇ, ಹದಿನಾರು ವರ್ಷದ ಹಿಂದೆ ಮಧ್ಯಾಹ್ನದ ನಿದ್ದೆಗಣ್ಣಿನಲ್ಲಿ ಬರೆದದ್ದು. ಕೈಮುಗಿದು ತಿದ್ದಿದೆ.

ಹೀಗೆ ದಿನಕ್ಕೆ ಇಬ್ಬರು ಮೂವರಂತೆ ಇಳಿದರು. ಅಮಾವಾಸ್ಯೆಗೆ ಐದು ದಿನ ಇರುವಾಗ ಹಾಳೆಯಲ್ಲಿ ಉಳಿದದ್ದು ಕೊನೆಯ ಸಾಲು ಒಂದೇ. ಸಂತವ್ವ, ವಯಸ್ಸು ನಲವತ್ತು, ಕೆಲಸ ಸುಣ್ಣ ಬಳಿಯುವುದು. ಕಾರಣದ ಜಾಗದಲ್ಲಿ 'ತಂದೆಯ ಸಂಖ್ಯೆ ಇಲ್ಲ' ಎಂದಿತ್ತು.

ಸಂತವ್ವನನ್ನು ಕೂಸಾಗಿದ್ದಾಗ ಸಂತೆಯ ದಿನ ಒಂದು ಬಂಡಿಯ ಕೆಳಗೆ ಬಳೆಗಾರ ಮುದುಕಿಯೊಬ್ಬಳು ಕಂಡಳು. ಬಂಡಿಯ ಅಚ್ಚಿಗೆ ಕಟ್ಟಿಹಾಕಿ ಹೋಗಿದ್ದರಂತೆ. ಯಾರೋ ಅಷ್ಟಾದರೂ ಕರುಣೆ ಇದ್ದವರು. ಮುದುಕಿ ಸಾಕಿದಳು, ಸತ್ತಳು. ಆಗಿನ ದಫ್ತರದವರು ತಂದೆಯ ಹೆಸರಿನ ಜಾಗದಲ್ಲಿ ಒಂದು ಗೆರೆ ಎಳೆದಿದ್ದರು. ಶಾಯಿಗೆ ಆ ಗೆರೆ ಸಾಕಾಗಿತ್ತು. ಮಷೀನಿಗೆ ಸಾಲದು. ಅದಕ್ಕೆ ಅಪ್ಪನ ಸಂಖ್ಯೆ ಬೇಕು, ಹೊಸದಾಗಿ ತುಂಬುವುದಾದರೆ ಆ ಅಪ್ಪ ಬದುಕಿದ್ದು ಮೊದಲೇ ಅದರೊಳಗೆ ಇರುವವನಾಗಬೇಕು. ನಾನು ಸೊನ್ನೆ ಹಾಕಿ ನೋಡಿದೆ. 'ಈ ಸಂಖ್ಯೆಯ ವ್ಯಕ್ತಿ ಇಲ್ಲ' ಎಂದು ವಾಪಸ್ ಬಂತು. ಹಾಳೆಯಲ್ಲಿ ಅವಳ ಸಾಲು ನನ್ನನ್ನೇ ನೋಡುತ್ತಾ ಕೂತಂತೆ ಕಾಣುತ್ತಿತ್ತು.

ಅವಳಿಗೆ ಮಾತ್ರ ಚಿಂತೆಯಿಲ್ಲ. ಅಪ್ಪ ಹೊಸೆದ ಹಗ್ಗವನ್ನು ಸೊಂಟಕ್ಕೆ ಬಿಗಿದು, ಇನ್ನೊಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಸುಣ್ಣದ ಡಬ್ಬಿ ಹಿಡಿದು ಆರಾಮಾಗಿ ತೇಲುತ್ತಾ ಗೋಡೆಯ ಮೇಲ್ಭಾಗ ಬಳಿಯುತ್ತಿದ್ದಳು. ಏಣಿ ಹೊರುವ ಕಾಟ ತಪ್ಪಿತ್ತು. ಊರಿನ ಎತ್ತರದ ಗೋಡೆಗಳೆಲ್ಲ ಆ ತಿಂಗಳು ಬೆಳ್ಳಗಾದವು.

"ನಂದಕ್ಕಾ, ಅವಸರ ಮಾಡಬ್ಯಾಡ್ರಿ. ಶಾಲಿ ಸೂರು ಒಂದು ಮುಗೀಲಿ" ಎಂದಳು ಮೇಲಿನಿಂದ.

"ಹುಚ್ಚಿ, ಐದು ದಿನಕ್ಕ ಗಾಳಿ ಬರತೈತಿ."

"ಬರಲಿ ಬಿಡ್ರಿ. ನಾ ಗಟ್ಟಿ ಕಟಗೊಂಡೀನಿ."

ಹಗ್ಗ ಗಟ್ಟಿಯಿತ್ತು ನಿಜ. ಆದರೆ ಅವಳು ದಿನಕ್ಕೆ ಮೊಳದಷ್ಟು ಏರುತ್ತಿದ್ದಳು, ಸರಳು ಬಾಗತೊಡಗಿತ್ತು. ನಗುವಾಗ ಅವಳ ಕೈ ಮಾತ್ರ ಹಗ್ಗವನ್ನು ಬಿಗಿಯಾಗಿ ಹಿಡಿದಿರುತ್ತಿತ್ತು.

ಅವಳಿಗೆ ಒಬ್ಬ ಅಪ್ಪನನ್ನು ಹುಡುಕಲು ಹೊರಟೆ. ಏಳು ಮಕ್ಕಳಿದ್ದ ಎಣ್ಣೆ ಗಾಣದ ಚನಬಸ್ಸಣ್ಣನನ್ನು ಕೇಳಿದೆ. ಒಳ್ಳೆಯ ಮನುಷ್ಯ, ಕಣ್ಣಲ್ಲಿ ನೀರು ತಂದುಕೊಂಡ. "ಮನಸ್ಸು ಐತ್ರಿ ನಂದಕ್ಕಾ. ಆದ್ರ ಏಳಕ್ಕ ಎಂಟು ಆದ್ರ ನನ್ನ ಸಣ್ಣ ಕೂಸು ಕಿಟಕ್ಯಾಗಿಂದ ಹಾರಿ ಹೋಗ್ತೈತಿ." ಅದೂ ಸುಳ್ಳಲ್ಲ. ಮಕ್ಕಳಿಲ್ಲದ ಒಬ್ಬ ಹಿರಿಯರನ್ನು ಕೇಳಿದೆ. ಅವರು ಬಾಗಿಲ ಕಡೆ ನೋಡಿದರು, ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದಳು, ಮಾತು ಅಲ್ಲಿಗೇ ಮುಗಿಯಿತು. ಮೂರನೆಯವರು ನಾಳೆ ಹೇಳುತ್ತೇನೆ ಎಂದರು. ಮರುದಿನ ಅವರ ಮನೆಗೆ ಬೀಗ ಹಾಕಿತ್ತು.

ಅಮಾವಾಸ್ಯೆಯ ದಿನ ಮಧ್ಯಾಹ್ನ, ಊರೆಲ್ಲ ಮಣ್ಣಿನ ಎತ್ತುಗಳಿಗೆ ಪೂಜೆ ಮಾಡಿ ಹೋಳಿಗೆ ಉಣ್ಣುತ್ತಿರುವಾಗ, ನಾನು ಕಚೇರಿಯಲ್ಲಿ ಒಬ್ಬಳೇ ಕೂತಿದ್ದೆ. ಕಿಟಕಿಯ ಕದ ಒಮ್ಮೆ ತಾನಾಗಿ ಬಡಿಯಿತು. ಗಾಳಿ ದಾರಿ ಹಿಡಿದಿತ್ತು. ನನಗೆ ಬಾಯಿಪಾಠ ಬರುತ್ತಿದ್ದ ಅಪ್ಪನ ಸಂಖ್ಯೆ ಒಂದೇ, ನನ್ನ ಸಾಲಿನಲ್ಲಿ ಇರುವುದು. ಅದನ್ನೇ ಸಂತವ್ವನ ಸಾಲಿನಲ್ಲಿ ತುಂಬಿ ಗುಂಡಿ ಅದುಮಿದೆ. ಮಷೀನು ತಕರಾರು ಮಾಡದೆ ನುಂಗಿತು. ಅಪ್ಪನನ್ನು ಕೇಳಲಿಲ್ಲ, ಬೈಯುತ್ತಾನೆಂದು. ಸಂತವ್ವನನ್ನು ಕೇಳಬೇಕೆಂದು ಹೊಳೆಯಲೇ ಇಲ್ಲ.

ಆ ಹೊತ್ತಿಗೆ ಅವಳು ಶಾಲೆಯ ಸೂರಿನ ಹತ್ತಿರ ಇದ್ದಳಂತೆ. ಮೆಲ್ಲಗೆ ಇಳಿದು ಬಂದು ಸುಣ್ಣದ ಬಾನಿಯಲ್ಲಿಯೇ ನಿಂತಳು. ಮೊಣಕಾಲವರೆಗೆ ಬೆಳ್ಳಗಾಗಿ ಕಚೇರಿಗೆ ಓಡಿ ಬಂದು, "ಯಾರ ಹೆಸರು ಹಾಕಿದ್ರಿ ಅಕ್ಕಾ?" ಎಂದು ಕೇಳಿದಳು.

"ಮಷೀನು ಒಪ್ಪಿಕೊಂತು. ಇನ್ನ್ಯಾಕ ಕೇಳ್ತಿ? ಹೋಗು, ಹೋಳಿಗಿ ಉಣ್ಣು."

ಅವಳು ನನ್ನ ಮುಖ ನೋಡಿದಳು. ಬಾಗಿಲಲ್ಲಿ ನಿಂತು ಎರಡು ಸಲ ನೆಲವನ್ನು ಕಾಲಿನಿಂದ ತುಳಿದು ನೋಡಿ ಹೋದಳು.

ಸಂಜೆ ನಾನು ಮನೆಗೆ ಹೋದಾಗ ಅಪ್ಪ ಬೆಚ್ಚಿಬಿದ್ದ. "ಯಾವಾಗ ಬಂದಿ? ಸಪ್ಪಳನ ಆಗಲಿಲ್ಲ!" ಚಹಾದ ನೀರು ಇಟ್ಟಿರಲಿಲ್ಲ. ನನ್ನ ಹೆಜ್ಜೆಗಳು ಅರ್ಧ ಆಗಿದ್ದವು. ಕೊಡ ಎತ್ತಲು ಬಗ್ಗಿದರೆ ಕೊಡ ಅಲ್ಲೇ ಇರುತ್ತಿತ್ತು, ನಾನೇ ತುಸು ಏಳುತ್ತಿದ್ದೆ. 'ಚಪ್ಪಲಿ ಹೊಸಾವು' ಎಂದು ಸುಳ್ಳು ಹೇಳಿದೆ. ಅಪ್ಪ ನನ್ನ ಕಾಲು ನೋಡಿದ. ಬರಿಗಾಲು.

ಮರುದಿನ ಗಾಳಿಯೂ ಬಂತು, ಮಷೀನಿನ ಪಟ್ಟಿಯೂ ಬಂತು. ಹೊಸ ಪಟ್ಟಿ ಅಚ್ಚಾದ ಕೂಡಲೇ ಗೋಡೆಗೆ ಅಂಟಿಸಬೇಕೆಂದು ಸಾಹೇಬರ ಆಜ್ಞೆ ಇತ್ತು, ಜವಾನ ಅಂಟಿಸಿಬಿಟ್ಟ. ನನಗೆ ಅದರ ನೆನಪೇ ಇರಲಿಲ್ಲ. ಜನ ತಮ್ಮ ಹೆಸರು ನೋಡುವುದಕ್ಕಿಂತ ಮೊದಲು ಪಕ್ಕದವರದು ನೋಡುತ್ತಾರೆ. 'ಸಂತವ್ವ, ತಂದೆ ಗುರುಲಿಂಗಪ್ಪ.' ಬೆಳಗಿನ ಚಹಾ ಮುಗಿಯುವುದರೊಳಗೆ ಮಾತು ಊರಿನ ಕೊನೆಯ ಮನೆ ಮುಟ್ಟಿತ್ತು. ಮನುಷ್ಯ ಸುಳ್ಳು ಬರೆದಾನು, ಮಷೀನು ಬರೆದೀತೇ? ನಂದಕ್ಕನ ಸಪ್ಪಳ ಅರ್ಧ ಆದದ್ದನ್ನು ಊರೇ ಕೇಳಿದೆಯಲ್ಲ? ಹಂಗಾದರೆ ನಲವತ್ತು ವರ್ಷದ ಹಿಂದೆ ಈ ಬೆಣ್ಣೆಯಂಥ ಮನುಷ್ಯ! ಪಾಪ, ಆ ಹೆಣ್ಣುಮಗಳು ಏನೂ ತಿಳಿಯದೆ ಸತ್ತಳಲ್ಲ ಎಂದು ನನ್ನ ಅವ್ವನ ಬಗ್ಗೆ ಕಟ್ಟೆಯ ಮೇಲೆ ಲೊಚಗುಟ್ಟಿದರಂತೆ. ಅದನ್ನು ಕೇಳಿ ನಾನು ಕಚೇರಿಯ ಬಾಗಿಲು ಮುಚ್ಚಿಕೊಂಡು ಅತ್ತೆ. ಒಂದು ಖಾಲಿ ಜಾಗ ತುಂಬಲು ಹೋಗಿ ಸತ್ತ ತಾಯಿಯ ಮೇಲೆ ಕೆಸರು ಎರಚಿದ್ದೆ.

ಅಪ್ಪ ನಾರು ತರಲು ಪೇಟೆಗೆ ಹೋಗಿದ್ದ. ಎಲ್ಲವನ್ನೂ ಕೇಳಿಕೊಂಡೇ ಬಂದ. ಕೈಕಾಲು ತೊಳೆದ, ಕೂತ. ನಾನು ತಟ್ಟೆ ಇಟ್ಟೆ. ರೊಟ್ಟಿ ಸೀದಿತ್ತು, ಪಲ್ಯಕ್ಕೆ ಉಪ್ಪು ಹಾಕಿರಲಿಲ್ಲ. ಅಪ್ಪ ಏನೂ ಅನ್ನದೆ ಉಂಡ.

"ಅಪ್ಪಾ, ಒಂದೆರಡು ಬೈದುಬಿಡು" ಎಂದೆ.

"ಬರದಾಕಿ ನೀನನ?"

"ಹೂಂ. ಗಾಳಿ ಬರಾಕತ್ತಿತ್ತು. ಯಾರೂ ಒಪ್ಪಲಿಲ್ಲ."

"ನನಗ ಯಾಕ ಕೇಳಲಿಲ್ಲ?"

"ಬೈತಿ ಅಂತ."

ಅಪ್ಪ ಅಂಗೈಯ ನಾರಿನ ಸಿಬಿರುಗಳನ್ನು ಕೀಳುತ್ತಾ ಕೂತ. ಊರವರ ಮಾತು ಎತ್ತಲಿಲ್ಲ. "ಆಕಿನ್ನರ ಕೇಳಿದ್ದೇನು?" ಎಂದ.

"ಯಾರನ್ನ?"

"ಸಂತವ್ವನ್ನ. ಆಕಿಗೆ ಒಬ್ಬ ಅಪ್ಪನ್ನ ತಂದು ಕೂಡಸೀದಿ. ಬೇಕೋ ಬ್ಯಾಡೋ ಅಂತ ಕೇಳಿದ್ದೇನು?"

ಅಪ್ಪ ಎದ್ದು ಹೋಗಿ ಮಲಗಿದ.

ಮೂರನೆಯ ದಿನ ಉಪಾಧ್ಯೆ ಸಾಹೇಬರು ಬಂದರು. ಹೊರಗೆ ಗಾಳಿ ತಗಡುಗಳನ್ನು ಕಿತ್ತು ಆಡುತ್ತಿತ್ತು. ಹಾಳೆ ಖಾಲಿ ಇರುವುದನ್ನು ನೋಡಿ ಸಂತೋಷಪಟ್ಟರು. ಆಮೇಲೆ ತಿದ್ದಿದ ಸಾಲುಗಳನ್ನು ಒಂದೊಂದಾಗಿ ತೆಗೆದು, ಇದು ಹೇಗೆ ತಿದ್ದಿದಿರಿ, ಇದಕ್ಕೆ ಯಾರು ಸಾಕ್ಷಿ ಎಂದು ಕೇಳುತ್ತಾ ಬಂದರು. ಐವತ್ತೇಳಕ್ಕೆ ಉತ್ತರ ಹೇಳಿದೆ. ಐವತ್ತೆಂಟನೆಯದು ಬಂತು.

"ನಾನ ತುಂಬೀನ್ರಿ. ಸುಳ್ಳು" ಎಂದೆ.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೂ ಸಂಕಟವಾಗಿತ್ತು. "ಮಹಾನಂದಾ ಅವರೇ, ಕೊರತೆ ಇರೋ ಸಾಲು ಹೊರಗೆ ಇದ್ರೆ ನಮಗೆ ಕಾಣ್ತದೆ, ತಿದ್ದಬಹುದು. ಸುಳ್ಳು ತುಂಬಿ ಒಳಗೆ ಹಾಕಿದ್ರೆ ಅದು ಮತ್ತೆ ಯಾರಿಗೂ ಕಾಣೋದಿಲ್ಲ. ಇದನ್ನ ನಾನು ಉಳಿಸೋಕಾಗೋದಿಲ್ಲ. ತೆಗೀಬೇಕು."

"ತಗೀರಿ ಸಾಹೇಬ್ರ." ಬಾಗಿಲಲ್ಲಿ ಸಂತವ್ವ ನಿಂತಿದ್ದಳು. ಗಾಳಿಗೆ ಕೂದಲು ಕೆದರಿತ್ತು. ಅವಳ ಹಿಂದೆ, ಕಚೇರಿಯ ಗೋಡೆಯ ಮರೆಯಲ್ಲಿ, ಕಟ್ಟೆಯ ಮೇಲಿನ ಜನ ಅಷ್ಟೂ ಬಂದು ಕೂಡಿದ್ದರು. ಇವತ್ತು ಏನಾದರೂ ಆಗುತ್ತದೆಂದು ಅವರಿಗೆ ಹೇಗೆ ಗೊತ್ತಾಗುತ್ತದೋ! "ನಂದಕ್ಕಾ, ನನಗ ಹೇಳಬೇಕಿತ್ತು ನೀವು. ಆ ಹಿರಿಯ ಮನಿಷಾ ನನಗ ಏನ್ ಕೆಟ್ಟದ್ದ ಮಾಡ್ಯಾರಂತ ಅವ್ರ ತಲೀ ಮ್ಯಾಲ ಇದನ್ನ ಹೊರಸಿದ್ರಿ? ಎರಡು ದಿನದಿಂದ ಮಂದಿ ಮಾತು ಕೇಳಾಕ ಆಗವೊಲ್ದು. ತಗೀರಿ ಸಾಹೇಬ್ರ, ನನ್ನ ಹೆಸರು."

"ಹೊರಗೆ ಗಾಳಿ ಅದೆಯಲ್ಲಮ್ಮಾ" ಎಂದರು ಸಾಹೇಬರು.

"ಗೊತ್ತೈತ್ರಿ. ಗುಂಡುಕಲ್ಲಿಗೆ ಕಟಗೋತೀನಿ. ಆದಷ್ಟು ದಿನ ಆತು." ಅವಳು ನಗಲು ನೋಡಿದಳು. "ನಾ ಅಂಗಳದಾಗ ನಿಂದರ್ತೀನಿ. ಒಳಗ ಇದ್ರ ನಿಮ್ಮ ಜಂತಿಗೆ ತಲಿ ಬಡೀತೈತಿ." ಹಾಗೆಂದು ಮೆಟ್ಟಿಲು ಇಳಿದೇಬಿಟ್ಟಳು.

ಸಾಹೇಬರು ನನ್ನನ್ನು ನೋಡಿದರು. ಬೆರಳು ಗುಂಡಿಯ ಹತ್ತಿರ ಹೋಗಿ ನಿಂತಿತು. ನಾನು, "ತಡೀರಿ, ತಡೀರಿ" ಎನ್ನುತ್ತಿದ್ದೆ, ಅದಕ್ಕಿಂತ ಹೆಚ್ಚು ಏನು ಹೇಳಬೇಕೋ ತಿಳಿಯದೆ. ಆಗ, ಅಷ್ಟು ಹೊತ್ತು ಹಿಂದೆ ನಿಂತು ಕೇಳಿಸಿಕೊಂಡಿದ್ದ ಅಪ್ಪ ಜನರನ್ನು ಭುಜದಿಂದ ಸರಿಸುತ್ತಾ ಬಂದು ಬಾಗಿಲಲ್ಲಿ ನಿಂತ. ಮೈಮೇಲೆ ಇನ್ನೂ ನಾರಿನ ಧೂಳು.

"ಗುರುಲಿಂಗಪ್ಪನವರು ತಾವೇನಾ? ಈಕೆ ತಮ್ಮ ಮಗಳು ಅಂತ ಇಲ್ಲಿ ಬರೆದದೆ. ನಿಜವೋ ಸುಳ್ಳೋ?" ಎಂದು ಸಾಹೇಬರು ಕೂತಲ್ಲಿಂದಲೇ ಕೇಳಿದರು.

"ಸಾಹೇಬ್ರ, ನಿನ್ನೀತನಕ ಸುಳ್ಳಿತ್ತು" ಎಂದ ಅಪ್ಪ. ಆಮೇಲೆ ಜನರ ಕಡೆ ತಿರುಗಿದ. "ಹುಟ್ಟಿಸಿದಾಂವ ನಾನಲ್ಲ. ನನ್ನ ಹೇಣ್ತಿ ತಲೀ ಮ್ಯಾಲ ಕೈ ಇಟ್ಟು ಹೇಳ್ತಿದ್ದೆ, ಆಕಿ ಇಲ್ಲ. ಕೇಳಿಸ್ಕೊಂಡ್ರಿಲ್ಲೋ ಕಟ್ಟಿ ಮ್ಯಾಲಿನವರು? ಇವತ್ತು ನಾನಾಗೇ ಬಂದೀನಿ. ಈ ಸಂತವ್ವನ್ನ ಒಂದು ಮಾತು ಕೇಳಾಕ ಬಂದೀನಿ."

"ಕಾಕಾ, ಕೇಳಬ್ಯಾಡ್ರಿ" ಎಂದಳು ಸಂತವ್ವ ಅಂಗಳದಿಂದ. "ನಿಮ್ಮ ಮಗಳ ತೂಕ ಅರ್ಧ ಆಗೇತಿ. ನನ್ನ ಸಲುವಾಗಿ ಬ್ಯಾಡ. ಸಾಹೇಬ್ರ, ಒತ್ತರಿ!"

ಅಪ್ಪನ ಮುಖ ಕೆಂಪಾಯಿತು. ಆ ಬಣ್ಣ ನನಗೆ ಚೆನ್ನಾಗಿ ಗೊತ್ತು, ನಲವತ್ತನಾಲ್ಕು ವರ್ಷ ನೋಡಿದ್ದೇನೆ.

"ಏ, ಬಾಯಿ ಮುಚ್ಚು! ದೊಡ್ಡವರು ಮಾತಾಡುಮುಂದ ನಡುವ ಬಾಯಿ ಹಾಕ್ತಾಳ! ಕೇಳಾಕ ಬಂದ್ರ ಕೇಳಾಕೂ ಬಿಡವೊಲ್ಲಿ. ಗುಂಡುಕಲ್ಲಿಗೆ ಕಟಗೋತಾಳಂತ, ಶಾಣ್ಯಾಕಿ! ಈ ಗಾಳಿ ಗುಂಡುಕಲ್ಲ ಕೇಳ್ತೈತೇನ? ತಲಿಗೆ ಒಂದು ಅರಿವಿ ಇಲ್ಲ, ಹೊಟ್ಟಿಗೆ ಉಂಡಾಳೋ ಇಲ್ಲೋ, ಮುಖಾ ನೋಡಿದ್ರ ಗೊತ್ತಾಗ್ತೈತಿ ಉಂಡಿಲ್ಲ. ಎರಡು ದಿನದಿಂದ ಅತ್ತಗೋತ ಕೂತಿರಬೇಕು. ನಡೀ ಒಳಗ!"

ಬೆಣ್ಣೆಯ ಮನುಷ್ಯ ಹೊರಗಿನವರಿಗೆ ಹೀಗೆ ಬೈದದ್ದನ್ನು ಊರು ಕೇಳಿರಲಿಲ್ಲ. ಸಂತವ್ವ ಹಿಂದೆ ತಿರುಗಿ ನೋಡಿದಳು, ತನ್ನ ಹಿಂದೆ ಬೇರೆ ಯಾರಾದರೂ ನಿಂತಿದ್ದಾರೇನೋ ಎಂಬಂತೆ.

"ಯಾರಿಗೆ ಬೈಯಾಕತ್ತೀರಿ?" ಎಂದು ಸಣ್ಣ ದನಿಯಲ್ಲಿ ಕೇಳಿದಳು.

"ನಿನಗ! ಮತ್ತ್ಯಾರಿಗೆ ಬೈಲಿ?"

ನಲವತ್ತು ವರ್ಷದಲ್ಲಿ ಅವಳನ್ನು ಕೆಲಸ ಕೊಟ್ಟವರು ಬೈದಿದ್ದಾರೆ, ದಾರಿಯಲ್ಲಿ ಅಡ್ಡ ಬಂದವರು ಬೈದಿದ್ದಾರೆ. ಉಂಡಿಲ್ಲವೆಂದು ಬೈದವರು ಆ ಬಳೆಗಾರ ಮುದುಕಿ ಸತ್ತ ಮೇಲೆ ಒಬ್ಬರೂ ಇರಲಿಲ್ಲ. ಸಂತವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಾ ಒಂದೊಂದೇ ಮೆಟ್ಟಿಲು ಹತ್ತಿ ಒಳಗೆ ಬಂದಳು. ಅಪ್ಪನ ಎದುರು ನಿಂತಳು. ಅಪ್ಪನಿಗೆ ಬೈಗುಳ ತೀರಿಹೋಗಿತ್ತು. ಕೇಳಲು ಬಂದಿದ್ದ ಮಾತನ್ನು ಕೇಳದೆ ಮೈಮೇಲಿನ ನಾರಿನ ಧೂಳು ಕೊಡವತೊಡಗಿದ. ಅವಳೇ ಹೇಳಿದಳು.

"ಆಗ್ಲಿ" ಎಂದಳು. ಸ್ವಲ್ಪ ತಡೆದು, "ಆಗ್ಲಿ ಅಪ್ಪಾ."

ಆ ಕರೆ ಹುಟ್ಟಿದಾಗಿನಿಂದ ನನ್ನೊಬ್ಬಳದೇ ಆಗಿತ್ತು. ನನಗೆ ಹೊಟ್ಟೆಕಿಚ್ಚಾಯಿತು, ಬೇರೇನಲ್ಲ. ಅದರ ಹಿಂದೆಯೇ ಕಣ್ಣು ತುಂಬಿ ಬಂದದ್ದೂ ನಿಜ. ನಾನು ಎದ್ದು ಹೋಗಿ ಅವಳ ಕೈ ಹಿಡಿದುಕೊಂಡೆ. ಸುಣ್ಣ ತಿಂದು ಒರಟಾದ ಕೈ.

ಉಪಾಧ್ಯೆ ಸಾಹೇಬರು ಗುಂಡಿಯಿಂದ ಬೆರಳು ತೆಗೆದರು. ಮಷೀನಿನ ಕಡೆ ತಿರುಗಿಕೊಂಡು ಬಹಳ ಹೊತ್ತು ಏನೋ ನೋಡುತ್ತಿರುವಂತೆ ನಟಿಸಿದರು. ಆಮೇಲೆ, "ಐವತ್ತೆಂಟು ಸರಿ ಇದೆ. ಹೊರಗೆ ಉಳಿದದ್ದು ಯಾರೂ ಇಲ್ಲ" ಎಂದು ಹಾಳೆಗೆ ಸಹಿ ಹಾಕಿದರು. ನನಗೆ ಮಾತ್ರ, ಇನ್ನು ಮುಂದೆ ಕೇಳದೆ ಒಂದು ಚುಕ್ಕೆಯನ್ನೂ ತುಂಬಬಾರದೆಂದು ಮೆತ್ತಗಿನ ದನಿಯಲ್ಲಿ ಗಟ್ಟಿಯಾಗಿ ಹೇಳಿದರು. ಕೈಮುಗಿದೆ.

ಹೊರಗೆ ಬಂದರೆ ಗಾಳಿ ಇನ್ನೂ ಜೋರಾಗಿತ್ತು. ಅರ್ಧ ತೂಕದ ನಾವಿಬ್ಬರೂ ಮೆಟ್ಟಿಲ ಮೇಲೆಯೇ ತೂರಾಡಿದೆವು. ಅಪ್ಪ ಒಂದು ಕೈಯಲ್ಲಿ ನನ್ನನ್ನು, ಇನ್ನೊಂದು ಕೈಯಲ್ಲಿ ಅವಳನ್ನು ಹಿಡಿದುಕೊಂಡು, "ನೆಟ್ಟಗ ನಡಿಯಾಕ ಬರೂದಿಲ್ಲೇನ್ ಇಬ್ಬರಿಗೂ" ಎಂದು ಓಣಿಯುದ್ದಕ್ಕೂ ಬೈಯುತ್ತಾ ಮನೆಗೆ ಕರೆದುಕೊಂಡು ಹೋದ.